ಜಪಾನಿನ ಭೂಕಂಪ, ಎಲ್ಲೂರಿನ ಕಲ್ಲಿದ್ದಲು, ಮಣಿಪಾಲದ ಪಿಗ್ಮಿ

ಕಾಪು ತಾಲ್ಲೂಕಿನ ಎಲ್ಲೂರಿನ 1200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲು ಹೊರದೇಶದಿಂದ ಬಂದು, ನವಮಂಗಳೂರು ಬಂದರಿನಲ್ಲಿ ಇಳಿದು, ರೈಲು ಹತ್ತಿ ಬರುತ್ತದೆ. ಎಲ್ಲೋ ಒಂದು ಗಣಿಗೆ ನೆರೆ ನುಗ್ಗಿದರೆ ನಮ್ಮ ಕರೆಂಟಿನ ಖರ್ಚು ಏರುವುದು ಹೀಗೆ. ಆದರೆ ಅದಕ್ಕೂ ಮೊದಲು ಓಡುವುದು ಹಣ.

2011ರ ಮಾರ್ಚ್ 11ರಂದು ಜಪಾನಿನಲ್ಲಿ 9.0 ತೀವ್ರತೆಯ ಭೂಕಂಪವಾಗಿ ಸುನಾಮಿ ಎದ್ದಿತು. ಸತ್ತವರು, ಕಾಣೆಯಾದವರು 18 ಸಾವಿರಕ್ಕೂ ಹೆಚ್ಚು. ಅಂಥ ಪೆಟ್ಟು ತಿಂದ ದೇಶದ ನಾಣ್ಯ ಕುಸಿಯಬೇಕಿತ್ತಲ್ಲವೇ? ಏರಿತು! ಮಾರ್ಚ್ 17ರಂದು ಡಾಲರಿಗೆ 76.25 ಯೆನ್, ಆವರೆಗಿನ ದಾಖಲೆ. ಪರಿಹಾರ ಕೊಡಲು ಜಪಾನಿನ ವಿಮಾ ಕಂಪನಿಗಳು ಹೊರಗಿಟ್ಟ ಹಣವನ್ನು ಊರಿಗೆ ತರಿಸುತ್ತವೆ ಎಂಬ ಊಹೆಯೇ ಅಷ್ಟು ಮಾಡಿತು. ಮರುದಿನ ಜಿ-7 ದೇಶಗಳು ಕೂಡಿ ಯೆನ್ ಮಾರಿ ಅದನ್ನು ಇಳಿಸಿದವು. ಭಯ ಹುಟ್ಟಿದಾಗ ಹಣ ಗಟ್ಟಿ ಸರ್ಕಾರಗಳ ಸಾಲಪತ್ರಗಳಲ್ಲಿ ಆಸರೆ ಹುಡುಕುತ್ತದೆ. ಪತ್ರದ ಬೆಲೆ ಏರುತ್ತದೆ, ಹೊಸದಾಗಿ ಕೊಂಡವರಿಗೆ ಸಿಗುವ ಪ್ರತಿಫಲ ಇಳಿಯುತ್ತದೆ.

ವಸ್ತುಗಳ ಕೊರತೆ ನಿಧಾನವಾಗಿ ಬರುತ್ತದೆ, ಸಾಲಪತ್ರಗಳ ಮೇಲೆ ಅದರ ಕೆಲಸ ತಿರುವುಮುರುವು. ಆ ಸುನಾಮಿಯಿಂದ ಫುಕುಶಿಮಾ ಅಣುಸ್ಥಾವರದಲ್ಲಾದ ದುರಂತದ ಬಳಿಕ ಜಪಾನಿನ ಅಣುಸ್ಥಾವರಗಳು ಒಂದೊಂದಾಗಿ ನಿಂತು, 2012ರ ಮೇ ಹೊತ್ತಿಗೆ ಒಂದೂ ನಡೆಯುತ್ತಿರಲಿಲ್ಲ. ಬದಲಿಗೆ ಆ ದೇಶ ದ್ರವೀಕೃತ ಅನಿಲವನ್ನು ಹೆಚ್ಚು ಹೆಚ್ಚು ಕೊಂಡಿತು, ಏಷ್ಯಾದಲ್ಲಿ ಅದು ತುಟ್ಟಿಯಾಯಿತು. ಆ ವರ್ಷಗಳಲ್ಲಿ ನಮ್ಮಲ್ಲೂ ಬೆಲೆಗಳು ಏರಿದ್ದವು ನಿಜ. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ ರಿಸರ್ವ್ ಬ್ಯಾಂಕ್ 13 ಸಲ ಬಡ್ಡಿದರ ಏರಿಸಿತು. ಆದರೆ ಏರಿಕೆ ಜಪಾನ್ ನಡುಗುವ ಮೊದಲೇ ಶುರುವಾಗಿತ್ತು. ಎಲ್ಲವನ್ನೂ ಭೂಕಂಪದ ತಲೆಗೆ ಕಟ್ಟುವುದು ತಪ್ಪು.

ಯಾವ ವಸ್ತು ತುಟ್ಟಿಯಾಯಿತು ಎನ್ನುವುದು ಮುಖ್ಯ. ಕಾರ್ಕಳದ ಗೇರುಬೀಜ ಕಾರ್ಖಾನೆಗಳಿಗೆ ಆಫ್ರಿಕಾದ ಬೀಜವೂ ಬರುತ್ತದೆ. ಅಲ್ಲಿ ಚಂಡಮಾರುತ ಬೆಳೆ ಕೆಡಿಸಿದರೆ ಇಲ್ಲಿ ಬೀಜ ಸುಲಿಯುವ ಹೆಂಗಸರ ದುಡಿಮೆಗೇ ಕುತ್ತು. ನನಗೆ ಅದು ಸಣ್ಣ ಸಂಗತಿಯಲ್ಲ, ಆದರೂ ಅದನ್ನು ಹಣದುಬ್ಬರ ಎನ್ನಲಾಗದು. ಗೋಡಂಬಿ ಇಲ್ಲದೆ ಸಂಸಾರ ನಡೆಯುತ್ತದೆ. ಅಡುಗೆ ಎಣ್ಣೆ ಇಲ್ಲದೆ ನಡೆಯದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದೇಶ ಆಮದು ಮಾಡಿಕೊಳ್ಳುತ್ತದೆ. ಬರ ಬಿದ್ದಾಗ ಎಣ್ಣೆ ಕೊಡುವ ತಾಳೆಮರ ಗಂಡು ಹೂಗಳನ್ನೇ ಹೆಚ್ಚಾಗಿ ಬಿಡುತ್ತದೆ, ಕಾಯಿ ಕಡಿಮೆಯಾಗುವುದು ತಿಂಗಳುಗಳ ನಂತರ. 2015ರ ಎಲ್ ನಿನೊ ಬರಕ್ಕೆ ಮಲೇಷ್ಯಾದ ಎಣ್ಣೆ ಉತ್ಪಾದನೆ ಕುಸಿದದ್ದು 2016ರಲ್ಲಿ. ಉಡುಪಿಯ ಗೋಳಿಬಜೆಯ ಬಾಣಲೆಗೆ ಆ ಬಿಸಿ ತಟ್ಟುವುದು ಹಾಗೆ, ತಡವಾಗಿ.

ಬಂದು ಹೋಗುವ ಏರಿಕೆಯಾದರೆ ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಕಾಯುತ್ತದೆ. ಕೂಲಿ, ಬಾಡಿಗೆ, ಬಸ್ ದರಗಳಿಗೂ ಹಬ್ಬಿದರೆ ಬಡ್ಡಿದರ ಏರಿಸುತ್ತದೆ. ಆಗ ಶೇ 7 ಬಡ್ಡಿಯ, 10 ವರ್ಷದ, 100 ರೂಪಾಯಿಯ ಹಳೆಯ ಪತ್ರವನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ? ಹೊಸ ಪತ್ರ ಶೇ 8 ಕೊಡುವಂತಾದರೆ ಹಳೆಯದರ ಬೆಲೆ ಸುಮಾರು 93 ರೂಪಾಯಿಗೆ ಇಳಿಯುತ್ತದೆ.

ಬ್ಯಾಂಕುಗಳು ಠೇವಣಿಯ ಶೇ 18ರಷ್ಟನ್ನು ಸರ್ಕಾರಿ ಸಾಲಪತ್ರ, ಚಿನ್ನ, ನಗದಿನ ರೂಪದಲ್ಲಿ ಇಡಲೇಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 1928ರಿಂದ ಮನೆಬಾಗಿಲಲ್ಲಿ ದಿನಕ್ಕೆ 2 ಆಣೆಯಂತೆ ಪಿಗ್ಮಿ ಎಂಬ ಕಿರುಠೇವಣಿ ಕೂಡಿಸಿತು. ಇಂದು ಮೀನು ಮಾರುವವರು, ಹೋಟೆಲಿನವರು ಕಟ್ಟುವ ಪಿಗ್ಮಿಯ ಒಂದು ಪಾಲೂ ಇಂಥ ಪತ್ರಗಳಲ್ಲೇ ಇದೆ.