ಎಫ್ ವರ್ಗದ ಹೊಗೆಬಂಡಿ



ಕೃಷ್ಣೆಯ ದಕ್ಷಿಣಕ್ಕೂ ಉತ್ತರಕ್ಕೂ ಹರಡಿಕೊಂಡಿದ್ದ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಗಳ ಸೀಮೆಯನ್ನು ಆಂಗ್ಲ ಅಧಿಕಾರಿಗಳು ‘ಸದರ್ನ್ ಮರಾಠಾ ಕಂಟ್ರಿ’ ಎಂದು ಕರೆಯುತ್ತಿದ್ದರು. ಆಳಿದವರ ಭಾಷೆಯನ್ನು ನೋಡಿ ಇಟ್ಟ ಹೆಸರು ಅದು. ಅದರ ಬಹುಭಾಗದಲ್ಲಿ ಹೊಲ ಉತ್ತವರ, ಮಗ್ಗದ ಮುಂದೆ ಕುಳಿತವರ ಭಾಷೆ ಕನ್ನಡವೇ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ತನ್ನ ಹೆಸರನ್ನು ತೆಗೆದುಕೊಂಡುದು ಈ ಸೀಮೆಯಿಂದ. ಆದರೆ ಕಂಪನಿಯ ಹಳಿಗಳು ಜಮಖಂಡಿಗೂ ಬರಲಿಲ್ಲ, ಮುಧೋಳಕ್ಕೂ ಬರಲಿಲ್ಲ. ಪೂರ್ವದಲ್ಲಿ ವಿಜಾಪುರ, ಬಾಗಲಕೋಟೆಗಳ ಮೇಲೆ ಒಂದು ದಾರಿ. ಪಶ್ಚಿಮದಲ್ಲಿ ಮಿರಜ, ಕುಡಚಿಗಳ ಮೇಲೆ ಇನ್ನೊಂದು ದಾರಿ. ನಡುವಿನ ತುಬಚಿ, ಸಾವಳಗಿ, ಜಮಖಂಡಿ, ಬನಹಟ್ಟಿಗಳಿಂದ ಯಾವ ಕಡೆಗೆ ಹೊರಟರೂ ಮೊದಲು ಚಕ್ಕಡಿ, ಆಮೇಲೆ ಹೊಗೆಬಂಡಿ. ಈ ಎರಡು ದಾರಿಗಳ ಮೇಲೆಯೂ ದುಡಿದ ಒಂದು ಜಾತಿಯ ಎಂಜಿನ್ನಿನ ಕಥೆಯನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ರೈಲ್ವೆಯವರ ಪಟ್ಟಿಯಲ್ಲಿ ಅದರ ಹೆಸರು ಒಂದೇ ಅಕ್ಷರ: ‘ಎಫ್.’

ಎಂಜಿನ್ನಿಗಿಂತ ಮೊದಲು ಹಳಿಯ ಮಾತನ್ನು ಆಡಬೇಕು. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಭಾರತದ ರೈಲುದಾರಿಗೆ ನಿಷ್ಕರ್ಷೆಯಾದ ಅಗಲ 5 ಅಡಿ 6 ಅಂಗುಲ. ಅದು ಗಟ್ಟಿಯಾದುದು, ವೇಗಕ್ಕೆ ಒದಗುವುದು. ಆದರೆ ಬಹು ದುಬಾರಿ. 1870ರ ಸುಮಾರಿಗೆ ವೈಸರಾಯನಾಗಿದ್ದ ಲಾರ್ಡ್ ಮೇಯೋ, ಸರ್ಕಾರದ ಬೊಕ್ಕಸ ಬರಿದಾಗಿದ್ದುದನ್ನು ಕಂಡು, ಅಗ್ಗದ ಕಿರಿದಾರಿಗಳನ್ನು ಹಾಕಿಸಲು ನಿಶ್ಚಯಿಸಿದನು. ಎಷ್ಟು ಕಿರಿದು ಎಂಬ ವಿಷಯದಲ್ಲಿ ದೊಡ್ಡ ಚರ್ಚೆ ನಡೆದು, ಕೊನೆಗೆ ನಿಂತುದು ಒಂದು ಮೀಟರು, ಎಂದರೆ 3 ಅಡಿ 3⅜ ಅಂಗುಲ. ಆಗ ಸರ್ಕಾರವು ದೇಶದ ಅಳತೆಗಳನ್ನೆಲ್ಲ ಮೆಟ್ರಿಕ್ ಪದ್ಧತಿಗೆ ತಿರುಗಿಸುವ ಯೋಚನೆಯಲ್ಲಿತ್ತು. ಆ ಯೋಚನೆ ಕೈಗೂಡಲು 1956ರ ಕಾಯಿದೆಯ ವರೆಗೆ ಕಾಯಬೇಕಾಯಿತು. ರೈಲುದಾರಿ ಮಾತ್ರ ಎಂಬತ್ತು ವರ್ಷ ಮುಂಚೆಯೇ ಮೀಟರಿನಲ್ಲಿ ಓಡಿತು! ಮೊದಲ ಮೀಟರ್ ಹಳಿಯ ಗಾಡಿಗಳು 1873ರಲ್ಲಿ ದೆಹಲಿಯ ಪಕ್ಕದಿಂದ ಹೊರಟವು.

ಕಿರಿದಾರಿ ಅಗ್ಗವಾಗಬೇಕಾದರೆ ಹಳಿ ಹಗುರವಾಗಿರಬೇಕು. ಆ ಕಾಲದ ಮೀಟರ್ ದಾರಿಯ ಹಳಿ ಗಜಕ್ಕೆ ಸುಮಾರು 40 ಪೌಂಡು ಮಾತ್ರ ತೂಗುತ್ತಿತ್ತು. ಅದರ ಮೇಲೆ ಭಾರಿ ಎಂಜಿನ್ನನ್ನು ಓಡಿಸಿದರೆ ಹಳಿ ಬಾಗುವುದು, ಇಲ್ಲವೆ ಮುರಿಯುವುದು. ಹಗುರವಾದ ಎಂಜಿನ್ನು ಭಾರವನ್ನು ಎಳೆಯಲಾರದು. ಈ ತೊಡಕಿಗೆ ದೊರೆತ ಪರಿಹಾರವೇ ಎಫ್ ವರ್ಗ.

ರಾಜ್ಯ ರೈಲ್ವೆಗಳು ತಮ್ಮ ಎಂಜಿನ್ನುಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸುತ್ತ ಬಂದಿದ್ದವು. ಮೊದಲಿನವು ಪುಟ್ಟ ಯಂತ್ರಗಳು. 1874-75ರ ಸುಮಾರಿಗೆ ಬಂದ ಎಫ್‌ಗೆ ಆರು ಗಾಲಿ. ಆರೂ ಒಂದಕ್ಕೊಂದು ಉಕ್ಕಿನ ಸರಳುಗಳಿಂದ ಜೋಡಿಸಲ್ಪಟ್ಟು ಒಟ್ಟಿಗೆ ತಿರುಗುವಂಥವು. ಬರಿಯ ಭಾರ ಹೊರಲು ಮುಂದೆ ಒಂದು, ಹಿಂದೆ ಒಂದು ಎಂದು ಬೇರೆ ಗಾಲಿಗಳಿಲ್ಲ. ಇದರ ಪ್ರಯೋಜನವನ್ನು ಎರೆಭೂಮಿಯ ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದ ಎರೆಯಲ್ಲಿ ಎತ್ತು ಎಷ್ಟು ಬಲವಾದುದಾದರೂ ಕಾಲು ಕಚ್ಚದಿದ್ದರೆ ಚಕ್ಕಡಿ ಕದಲದು. ಎಂಜಿನ್ನಿನ ಗಾಲಿಯೂ ಹಾಗೆಯೇ. ನುಣುಪಾದ ಹಳಿಯನ್ನು ಅದು ಕಚ್ಚುವುದು ತನ್ನ ಮೇಲಿರುವ ಭಾರದ ಬಲದಿಂದ. ಎಫ್ ವರ್ಗದಲ್ಲಿ ಯಂತ್ರದ ತೂಕವೆಲ್ಲ ಎಳೆಯುವ ಗಾಲಿಗಳ ಮೇಲೆಯೇ ಇದ್ದುದರಿಂದ ಒಂದು ತೊಲ ತೂಕವೂ ವ್ಯರ್ಥವಾಗುತ್ತಿರಲಿಲ್ಲ. ಆ ತೂಕ ಮೂರು ಅಚ್ಚುಗಳ ಮೇಲೆ ಹಂಚಿಹೋಗುತ್ತಿದ್ದುದರಿಂದ ಹಗುರ ಹಳಿಗೂ ಅಪಾಯವಿರಲಿಲ್ಲ. ಗಾಲಿಗಳು ಚಿಕ್ಕವು, ಆದುದರಿಂದ ಓಟ ಕಡಮೆ, ಎಳೆತ ಹೆಚ್ಚು.

ಸಿಲಿಂಡರುಗಳು ಎರಡೂ ಪಕ್ಕಗಳಲ್ಲಿ ಹೊರಗೆ ಕಾಣುವಂತಿದ್ದವು. ಬಾಯ್ಲರಿನಲ್ಲಿ ಅದುಮಿಟ್ಟ ಉಗಿ ಸಿಲಿಂಡರಿನ ಒಂದು ತುದಿಯಿಂದ ನುಗ್ಗಿ ಪಿಸ್ಟನನ್ನು ತಳ್ಳುವುದು, ಮರುಕ್ಷಣ ಇನ್ನೊಂದು ತುದಿಯಿಂದ ನುಗ್ಗಿ ಹಿಂದಕ್ಕೆ ತಳ್ಳುವುದು. ಎರಡು ಪಕ್ಕದ ಯಂತ್ರಗಳು ಒಂದೇ ವೇಳೆಗೆ ತುದಿ ಮುಟ್ಟಿ ಸುಮ್ಮನೆ ನಿಂತುಬಿಡದಂತೆ ಅವುಗಳ ನಡುವೆ ಕಾಲು ಸುತ್ತಿನ ಅಂತರವನ್ನು ಇಟ್ಟಿರುವರು. ಕೆಲಸ ಮುಗಿದ ಉಗಿ ಹೊಗೆಕೊಳವೆಯ ಮೂಲಕ ಮೇಲಕ್ಕೆ ಚಿಮ್ಮುವಾಗ ಬೆಂಕಿಗೂಡಿನ ಗಾಳಿಯನ್ನು ತನ್ನೊಡನೆ ಸೆಳೆದುಕೊಂಡು ಹೋಗುವುದು; ಏರು ಬಂದು ಯಂತ್ರ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿ ಹೆಚ್ಚು ಉರಿಯುವುದು. ಇದಕ್ಕಿಂತ ಜಾಣತನದ ಏರ್ಪಾಡನ್ನು ನಾನು ಯಂತ್ರಗಳ ಲೋಕದಲ್ಲಿ ಹೆಚ್ಚಾಗಿ ಕಂಡಿಲ್ಲ. ನಾವು ‘ಚುಕುಬುಕು’ ಎಂದು ಮಕ್ಕಳಿಗೆ ಅಭಿನಯಿಸಿ ತೋರಿಸುವ ಸದ್ದು ಈ ಉಗಿಯ ಉಸಿರೇ. ಗಾಲಿಯ ಒಂದು ಸುತ್ತಿಗೆ ನಾಲ್ಕು ಉಸಿರು. ಕಣ್ಣು ಮುಚ್ಚಿಕೊಂಡು ಕುಳಿತವನೂ ಕಿವಿಯಿಂದಲೇ ಗಾಲಿಯ ಸುತ್ತನ್ನು ಎಣಿಸಬಹುದಾಗಿತ್ತು.

ರಾಜಪುತಾನದಿಂದ ದಕ್ಷಿಣದ ತಮಿಳು ಸೀಮೆಯ ವರೆಗೆ ಮೀಟರ್ ಹಳಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಎಫ್ ಹೋಯಿತು. ಸದರ್ನ್ ಮರಾಠಾ ಕಂಪನಿಯೂ ಅದನ್ನು ತನ್ನ ದಾರಿಗಳಲ್ಲಿ ದುಡಿಸಿತು. ಸರಕಿನ ಗಾಡಿಗೂ ಅದೇ, ಜನರ ಗಾಡಿಗೂ ಅದೇ, ಎರಡನ್ನೂ ಕೂಡಿಸಿದ ಮಿಶ್ರಗಾಡಿಗೂ ಅದೇ. ಅದು ರಾಜಮಹಾರಾಜರ ಮೆಯಿಲುಗಾಡಿಯ ಎಂಜಿನ್ನಲ್ಲ. ಜೋಳ, ಹತ್ತಿ, ನೂಲು, ಮೂರನೆಯ ತರಗತಿಯ ಪ್ರಯಾಣಿಕರು, ಇವರ ಎಂಜಿನ್ನು.

ಈ ಸೀಮೆಯಲ್ಲಿ ಅಂಥ ಎಂಜಿನ್ನು ಏಕೆ ಬೇಕಾಯಿತೆಂಬುದನ್ನು ತಿಳಿಯಲು 1876-78ರ ಬರವನ್ನು ನೆನೆಯಬೇಕು. ಇಂದಿನ ವಿಜಾಪುರ, ಬಾಗಲಕೋಟೆಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. 1791-92ರ ಡೋಗಿ ಬರದ ಕಥೆಯನ್ನು ಹಿರಿಯರಿಂದ ಕೇಳಿದ್ದ ಜನ ಈಗ ಅಂಥದನ್ನೇ ಕಣ್ಣಾರೆ ಕಂಡರು. 1872ರ ಖಾನೇಷುಮಾರಿಗೂ 1881ರ ಖಾನೇಷುಮಾರಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಇಳಿದುಹೋಯಿತು. ಸತ್ತವರು, ಊರು ಬಿಟ್ಟವರು ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಕಾಳು ದೇಶದಲ್ಲಿ ಇರಲಿಲ್ಲವೇ? ಇತ್ತು. ದೊಡ್ಡ ಹಳಿಯ ದಾರಿ 1860ರಲ್ಲಿಯೇ ಸೊಲ್ಲಾಪುರಕ್ಕೆ ಬಂದಿತ್ತು. ಅಲ್ಲಿಯ ವರೆಗೆ ಕಾಳು ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಚಕ್ಕಡಿಯೇ ಗತಿ. ಬರದಲ್ಲಿ ಮೊದಲು ಸಾಯುವುದು ಎತ್ತು. ಮೇವಿಲ್ಲದ, ನೀರಿಲ್ಲದ ದಾರಿಯಲ್ಲಿ ನೂರು ಮೈಲಿ ನಡೆಯಬೇಕಾದ ಎತ್ತಿಗೆ ಅದರ ಮೇವನ್ನೂ ಅದೇ ಚಕ್ಕಡಿಯಲ್ಲಿ ಹೇರಬೇಕು. ಆಗ ಕಾಳಿಗೆ ಉಳಿಯುವ ಜಾಗವೆಷ್ಟು? ಇಪ್ಪತ್ತು ಡಬ್ಬಿಗಳ ಒಂದು ಗಾಡಿ, ಡಬ್ಬಿಗೆ ಎಂಟೇ ಟನ್ನು ಹೇರಿದರೂ, 160 ಟನ್ನು ಕಾಳನ್ನು ತಂದು ಹಾಕುವುದು. ಚಕ್ಕಡಿಗೆ ಅರ್ಧ ಟನ್ನಿನಂತೆ ಎಣಿಸಿದರೆ 320 ಚಕ್ಕಡಿ, 640 ಎತ್ತು. ಎಂಜಿನ್ನು ಜೋಳದ ದಂಟನ್ನು ಬೇಡುವುದಿಲ್ಲ. ನೀರನ್ನೂ ಕಲ್ಲಿದ್ದಲನ್ನೂ ಬೇಡುವುದು, ಅವು ಬರವಿಲ್ಲದ ಕಡೆಯಿಂದ ಬರಬಹುದು.

1880ರ ಕ್ಷಾಮ ಆಯೋಗ ಇದೇ ವಾದವನ್ನು ಮುಂದಿಟ್ಟು, ಬರಪೀಡಿತ ಪ್ರದೇಶಗಳಿಗೆ ರೈಲುದಾರಿಗಳನ್ನು ಹಾಕಬೇಕೆಂದು ಸಲಹೆ ಮಾಡಿತು. ಬಂಡವಾಳಕ್ಕೆ ಬಡ್ಡಿಯ ಭರವಸೆಯನ್ನು ಸರ್ಕಾರ ಕೊಟ್ಟಿತು, ಕಂಪನಿ ಹುಟ್ಟಿತು, 1884ರಲ್ಲಿ ಗದಗಿನಿಂದ ಹೋಟಗಿಯ ವರೆಗಿನ ಸುಮಾರು 175 ಮೈಲಿಯ ದಾರಿ ಸಂಚಾರಕ್ಕೆ ತೆರೆಯಿತು. ಕೃಷ್ಣೆಗೆ ಸೇತುವೆಯಾಯಿತು. 1885ರಲ್ಲಿ ಹುಬ್ಬಳ್ಳಿಯ ಕಾರ್ಖಾನೆ ಏರ್ಪಟ್ಟಿತು. ನಮ್ಮ ಮೈಸೂರಿನಲ್ಲಿ ಇದೇ ಬರದ ಕಾಲದ ಜನರ ದುಡಿಮೆಯಿಂದ ಎದ್ದು 1882ರಲ್ಲಿ ಪೂರ್ತಿಯಾದ ಬೆಂಗಳೂರು-ಮೈಸೂರು ದಾರಿಯೂ 1886ರಲ್ಲಿ ಈ ಕಂಪನಿಯ ಕೈಗೆ ಹೋಯಿತು. 1908ರಲ್ಲಿ ಕಂಪನಿಯು ಮದರಾಸು ರೈಲ್ವೆಯ ಭಾಗದೊಡನೆ ಕೂಡಿಕೊಂಡಿತು. 1919ರಲ್ಲಿ ಮೈಸೂರು ಸರ್ಕಾರ ತನ್ನ ದಾರಿಯನ್ನು ಹಿಂದಕ್ಕೆ ಪಡೆಯಿತು.

ಇನ್ನು ಈ ದಾರಿಯಿಂದ ಬರ ನಿಂತಿತೇ ಎಂಬ ಪ್ರಶ್ನೆ. ನಿಲ್ಲಲಿಲ್ಲ. 1896-97ರಲ್ಲಿಯೂ 1899-1900ರಲ್ಲಿಯೂ ಈ ಪ್ರದೇಶದಲ್ಲಿ ಮತ್ತೆ ಬರ ಬಿದ್ದಿತು. ವಿಜಾಪುರದ ನಿಲ್ದಾಣಕ್ಕೆ ಕಾಳು ಈಗ ಬರಬಹುದಾಗಿತ್ತು. ಕೂಲಿಯಿಲ್ಲದ ಮನುಷ್ಯನ ಕೈಯಲ್ಲಿ ಅದನ್ನು ಕೊಳ್ಳಲು ಕಾಸಿರಲಿಲ್ಲ. ಮೇಲಾಗಿ, ಕಾಳನ್ನು ತರುವ ಹಳಿ ಸುಗ್ಗಿಯ ಕಾಲದಲ್ಲಿ ಅದನ್ನು ಹೊರಕ್ಕೂ ಒಯ್ಯುವುದು. ಮೊದಲು ಹಗೇವಿನಲ್ಲಿ ಎರಡು ಮೂರು ವರ್ಷ ಇರುತ್ತಿದ್ದ ಜೋಳ ಒಳ್ಳೆಯ ಬೆಲೆ ಬಂದ ಕಡೆಗೆ ಹೊರಟುಹೋಗಲು ದಾರಿಯಾಯಿತು. ದಾದಾಭಾಯಿ ನವರೋಜಿಯವರೇ ಮೊದಲಾದವರು ರೈಲ್ವೆಯ ಲಾಭವೆಲ್ಲ ಎಲ್ಲಿಗೆ ಹೋಗುತ್ತಿದೆಯೆಂದು ಕೇಳಿದುದರಲ್ಲಿ ಹುರುಳಿತ್ತು. ಹಾಗೆಂದು ಎಂಜಿನ್ನನ್ನು ದೂರುವುದು ನ್ಯಾಯವಲ್ಲ. ಹಳಿಯಿಲ್ಲದಿದ್ದ 1877ಕ್ಕಿಂತ ಹಳಿಯಿದ್ದ ಮುಂದಿನ ಬರಗಳಲ್ಲಿ ಕಾಳನ್ನು ಸಾಗಿಸುವ ಕಷ್ಟವಾದರೂ ನೀಗಿತ್ತು.

ಹತ್ತಿಯ ದಾರಿಯೂ ತಿರುಗಿತು. ಮೊದಲು ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ.’ ಹಳಿ ಬಂದ ಮೇಲೆ, 1888ರಲ್ಲಿ ಗೋವೆಯ ಮರ್ಮಗೋವಾ ಬಂದರಿನ ದಾರಿ ಲೋಂಡೆಗೆ ಕೂಡಿದ ಮೇಲೆ, ಕುಮಟೆಯ ವ್ಯಾಪಾರ ಬತ್ತಿತು. ಹತ್ತಿಗೆ ಆ ಹೆಸರು ಮಾತ್ರ ಉಳಿಯಿತು.

ಎಫ್ ಎಂಜಿನ್ನಿಗೂ ಈ ಸೀಮೆ ಸುಲಭವಾದುದಾಗಿರಲಿಲ್ಲ. ಡೋಣಿ ಹೊಳೆಯ ನೀರಿನ ಉಪ್ಪು ವಿಜಾಪುರದವರಿಗೆಲ್ಲ ಗೊತ್ತು. ಇಂಥ ಗಡಸು ನೀರನ್ನು ಕಾಯಿಸಿದರೆ ಪಾತ್ರೆಯ ಒಳಗೆ ಸುಣ್ಣದಂಥ ಹೊರಪು ಕಟ್ಟುವುದನ್ನು ಗೃಹಿಣಿಯರು ಬಲ್ಲರು; ಬಾಯ್ಲರಿನ ಕೊಳವೆಗಳಲ್ಲಿ ಅದೇ ಹೊರಪು ಕಟ್ಟಿದರೆ ಕಲ್ಲಿದ್ದಲು ಹೆಚ್ಚು ಬೇಕು, ಕೊಳವೆ ಬಿಸಿಯೇರಿ ಸೋರುವುದು. ಬಾಯ್ಲರನ್ನು ಆಗಾಗ್ಗೆ ಬರಿದುಮಾಡಿ ತೊಳೆಯುವುದೇ ಒಂದು ದೊಡ್ಡ ಕೆಲಸ. ಇನ್ನೊಂದು ತೊಡಕು ಹೋಟಗಿಯಲ್ಲಿ. ಅಲ್ಲಿ ದೊಡ್ಡ ಹಳಿಯೂ ಮೀಟರ್ ಹಳಿಯೂ ಎದುರಾಗುತ್ತಿದ್ದವು. ಒಂದರ ಡಬ್ಬಿ ಇನ್ನೊಂದರ ಮೇಲೆ ಹೋಗಲಾರದು; ಪ್ರತಿಯೊಂದು ಚೀಲವನ್ನೂ ಹಮಾಲರು ಹೊತ್ತು ಈ ಗಾಡಿಯಿಂದ ಆ ಗಾಡಿಗೆ ಹಾಕಬೇಕು. ಮೇಯೋ ಉಳಿಸಿದ ಹಣದಲ್ಲಿ ಒಂದು ಪಾಲು ಹೀಗೆ ಹಮಾಲರ ಬೆನ್ನಿನ ಮೇಲೆ ವರ್ಷವರ್ಷವೂ ಖರ್ಚಾಯಿತು.

ಎಫ್ ವರ್ಗದ ಕಥೆಯಲ್ಲಿ ನಮಗೆ ಅತ್ಯಂತ ಮುಖ್ಯವಾದುದು ನಡೆದುದು ನಮ್ಮ ನಾಡಿನಲ್ಲಲ್ಲ, ಅಜಮೀರದಲ್ಲಿ. ಅಲ್ಲಿಯ ರಾಜಪುತಾನ-ಮಾಳವಾ ರೈಲ್ವೆಯ ಕಾರ್ಖಾನೆಯಲ್ಲಿ 1895ರಲ್ಲಿ 734ನೆಯ ನಂಬರಿನ ಎಫ್ ಎಂಜಿನ್ನನ್ನು ಕಟ್ಟಿದರು. ತೂಕ ಸುಮಾರು 38 ಟನ್ನು. ಭಾರತದಲ್ಲಿಯೇ ತಯಾರಾದ ಮೊದಲ ರೈಲು ಎಂಜಿನ್ನು ಅದೆಂದು ಎಣಿಸುತ್ತಾರೆ. ಬಿಳಿಯ ಮೇಲ್ವಿಚಾರಕರ ಕೆಳಗೆ ಭಾರತೀಯ ಕಮ್ಮಾರರು, ಫಿಟ್ಟರುಗಳು, ಎರಕದವರು ಕೂಡಿ ಮಾಡಿದ ಆ ಯಂತ್ರ ವಿಲಾಯತಿಯದರೊಡನೆ ಸರಿಸಮವಾಗಿ ದುಡಿಯಿತು. ನಾಲ್ಕು ವರ್ಷಗಳ ಮೇಲೆ, 1899ರಲ್ಲಿ, ಜಮಾಲಪುರದ ಕಾರ್ಖಾನೆ ದೊಡ್ಡ ಹಳಿಗೆ ‘ಲೇಡಿ ಕರ್ಜನ್’ ಎಂಬ ಎಂಜಿನ್ನನ್ನು ಕಟ್ಟಿತು.

ಕೈಗೆ ಕೆಲಸ ಬಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೂ 1865ರಿಂದ 1941ರ ವರೆಗೆ ಭಾರತದಲ್ಲಿ ತಯಾರಾದ ಎಂಜಿನ್ನುಗಳು ಸುಮಾರು 700. ಬ್ರಿಟನ್ನಿನಿಂದ ಕೊಂಡು ತಂದವು ಸುಮಾರು 12,000. ಗ್ಲಾಸ್ಗೋ, ಮ್ಯಾಂಚೆಸ್ಟರ್ ಮೊದಲಾದೆಡೆಯ ಕಾರ್ಖಾನೆಗಳಿಗೆ ನಮ್ಮ ಬೇಡಿಕೆ ಊಟದ ತಟ್ಟೆಯಾಗಿತ್ತು. 1921ರಲ್ಲಿ ಸಿಂಗಭೂಮದಲ್ಲಿ ಪೆನಿನ್ಸುಲರ್ ಲೋಕೋಮೋಟಿವ್ ಕಂಪನಿಯು ಎಂಜಿನ್ನು ಕಟ್ಟುವ ಉದ್ದೇಶದಿಂದಲೇ ಹುಟ್ಟಿತು. ಸರ್ಕಾರದಿಂದ ಬೇಕಾದಷ್ಟು ಬೇಡಿಕೆ ದೊರೆಯದೆ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅದೇ ಜಾಗವನ್ನು 1945ರಲ್ಲಿ ತಾತಾ ಸಂಸ್ಥೆಯವರು ತೆಗೆದುಕೊಂಡರು. 1950ರ ದಶಕದಲ್ಲಿ ಅಲ್ಲಿಂದ ಮೀಟರ್ ಹಳಿಯ ‘ವೈ.ಪಿ.’ ಎಂಜಿನ್ನುಗಳು ಹೊರಬಿದ್ದವು. ಅಜಮೀರದಲ್ಲಿ 1895ರಲ್ಲಿ ಆದ ಕೆಲಸ ದೇಶದ ಉದ್ಯಮವಾಗಲು ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು, ಮತ್ತು ಆ ತಡಕ್ಕೆ ಕಾರಣ ಕಸುಬಿನ ಕೊರತೆಯಲ್ಲ.

ಅಷ್ಟರಲ್ಲಿ ಎಫ್ ಮುದಿಯಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಭಾರತದ ಮೀಟರ್ ದಾರಿಗಳಿಂದ ಎಂಜಿನ್ನುಗಳನ್ನೂ ಹಳಿಗಳನ್ನೂ ಮೆಸೊಪೊಟೇಮಿಯಕ್ಕೆ ಸಾಗಿಸಿದರು. ಉಳಿದವುಗಳ ಮೇಲೆ ಹೊರೆ ಹೆಚ್ಚಿತು. ಹಳಿಗಳು ಭಾರವಾದಂತೆ ದೊಡ್ಡ ಎಂಜಿನ್ನುಗಳು ಬಂದವು. ಎಫ್‌ಗಳು ಕವಲುದಾರಿಗಳಿಗೆ, ಕೊನೆಗೆ ನಿಲ್ದಾಣದ ಅಂಗಳದಲ್ಲಿ ಡಬ್ಬಿಗಳನ್ನು ಸರಿಸುವ ಕೆಲಸಕ್ಕೆ ಇಳಿದವು. 734ನೆಯದು ಮಾತ್ರ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ನಿಂತಿದೆ. ಆ ಕಡೆ ಹೋದವರು ತಪ್ಪದೆ ನೋಡಬೇಕು.

ಮೀಟರ್ ಹಳಿಯೂ ಈ ಸೀಮೆಯಿಂದ ಹೋಯಿತು. ಪುಣೆ-ಮಿರಜ ದಾರಿ 1971ರಲ್ಲಿ ದೊಡ್ಡ ಹಳಿಯಾಯಿತು. ಮಿರಜಿನಿಂದ ಕುಡಚಿ, ಬೆಳಗಾವಿಗಳ ಕಡೆಯ ದಾರಿಯೂ ಗದಗ-ಹೋಟಗಿ ದಾರಿಯೂ ಅನಂತರ ಒಂದೊಂದಾಗಿ ಅಗಲವಾದವು. ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ರಬಕವಿ-ಬನಹಟ್ಟಿಯ ನೇಕಾರರಿಗೆ ಕುಡಚಿಯೇ ಹತ್ತಿರದ ನಿಲ್ದಾಣವಾಗಿ ಉಳಿಯಿತು. ಬಾಗಲಕೋಟೆಯಿಂದ ಮುಧೋಳ, ಜಮಖಂಡಿಗಳ ಮೇಲೆ ಕುಡಚಿಗೆ ಸುಮಾರು 142 ಕಿಲೋಮೀಟರಿನ ದಾರಿ ಮಂಜೂರಾದುದು 2010-11ರಲ್ಲಿ. ಅದರಲ್ಲಿ ಬಾಗಲಕೋಟೆಯಿಂದ ಖಜ್ಜಿಡೋಣಿಯ ವರೆಗಿನ ಭಾಗ ಮೊದಲು ಮುಗಿಯಿತು. ಪೂರ್ವದ ದಾರಿಯನ್ನೂ ಪಶ್ಚಿಮದ ದಾರಿಯನ್ನೂ ಕೂಡಿಸುವ ಈ ಹಳಿ 1884ರ ದಾರಿಯಿಂದಲೇ ಕವಲೊಡೆದು, ಆ ಕಾಲದ ಕಂಪನಿ ಬಿಟ್ಟುಹೋದ ಊರುಗಳ ಕಡೆಗೆ ಹೊರಟಿದೆ.