ಘಾಟಿ ಇಳಿದು ಹುಡುಕುವ ಮದ್ದು

ಹಂಡೆಯಲ್ಲಿ ಕಾದ ನೀರನ್ನು ಮೈಮೇಲೆ ಹೊಯ್ದುಕೊಳ್ಳುವುದು ಮಲೆನಾಡಿನ ಮಳೆಗಾಲದ ದೊಡ್ಡ ಸುಖ. ಆದರೆ ಕೆಲವರಿಗೆ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಒಂದು ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಮೈ ತಣಿದ ಮೇಲೆ ಎಲ್ಲ ಮೊದಲಿನಂತೆ. ಮನೆಯವರು ಪಿತ್ತ ಎನ್ನುತ್ತಾರೆ, ಬಿಪಿ ಎನ್ನುತ್ತಾರೆ. ನರರೋಗ ತಜ್ಞರು ಮಾತ್ರ ಹಿಂದಿನದ್ದನ್ನು ಕೆದಕುತ್ತಾರೆ: ಯಾವಾಗಲಾದರೂ ಕಣ್ಣು ನೋವು ಬಂದು ವಾರಗಟ್ಟಲೆ ದೃಷ್ಟಿ ಕುಂದಿತ್ತೇ? ಸೊಂಟದಿಂದ ಕೆಳಗೆ ಜೋಮು ಹಿಡಿದಿತ್ತೇ? ಮೈ ಬಿಸಿಯಾದಾಗ ಹಳೆಯ ಲಕ್ಷಣಗಳು ತಲೆಯೆತ್ತುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಉಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದರು. ಅದು ಮಲ್ಟಿಪಲ್ ಸ್ಕ್ಲೀರೋಸಿಸ್ ಅಥವಾ ಎಂಎಸ್ ಇರುವವರಲ್ಲಿ ಕಾಣುವ ಒಂದು ಲಕ್ಷಣ.

ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಆ ಹೊದಿಕೆಯನ್ನು ಕಿತ್ತುಹಾಕುವ ಕಾಯಿಲೆ ಇದು. ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಅಲ್ಲಲ್ಲಿ ಗಾಯವಾಗಿ ಕಲೆ ಗಟ್ಟಿಯಾಗುತ್ತದೆ. ಹೆಚ್ಚಾಗಿ 20ರಿಂದ 40ರ ಹರೆಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪ್ಯಾರಿಸ್ಸಿನ ವೈದ್ಯ ಶಾರ್ಕೊ ಇದನ್ನು 1868ರಲ್ಲಿ ಪ್ರತ್ಯೇಕ ರೋಗವೆಂದು ಗುರುತಿಸಿದರು. ರೋಗದ ಗತಿಯನ್ನು ನಿಧಾನಗೊಳಿಸುವ ಮೊದಲ ಔಷಧ ಇಂಟರ್‌ಫೆರಾನ್ ಬೀಟಾಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ನಡುವಿನ ನೂರಿಪ್ಪತ್ತೈದು ವರ್ಷ ರೋಗಿಗೆ ಹೆಸರೊಂದು ಸಿಗುತ್ತಿತ್ತು, ರೋಗದ ಓಟವನ್ನು ತಡೆಯುವ ಮದ್ದು ಸಿಗುತ್ತಿರಲಿಲ್ಲ.

ಇದು ಬಿಳಿಯರ ರೋಗ, ನಮ್ಮಲ್ಲಿ ಅಪರೂಪ ಎಂಬ ಮಾತು ಬಹುಕಾಲ ನಡೆಯಿತು. ಅದನ್ನು ಎಣಿಸಿ ನೋಡಿದ ಕೆಲಸ ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆಗೆ ಹತ್ತಿರದಲ್ಲೇ, ಘಾಟಿಯ ಕೆಳಗೆ ನಡೆದಿದೆ. ಮಂಗಳೂರಿನ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂಎಸ್ ಇತ್ತು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು. ನಗರದ ಲೆಕ್ಕವನ್ನು ಕಾಫಿ ಗುಡ್ಡಗಳಿಗೆ ಹಾಗೇ ಅನ್ವಯಿಸಲಾಗದು, ನಿಜ. ಆದರೂ ಅದೇ ಪ್ರಮಾಣ ಹಿಡಿದರೆ ಜಿಲ್ಲೆಯಲ್ಲಿ ತೊಂಬತ್ತರ ಆಸುಪಾಸು ಜನ ಆಗುತ್ತಾರೆ.

ಆ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಎಂಎಸ್‌ನಂತೆಯೇ ಕಾಣುವ ನ್ಯೂರೋಮೈಲೈಟಿಸ್ ಆಪ್ಟಿಕಾ, ಅಂದರೆ ಎನ್‌ಎಂಒ, ಲಕ್ಷಕ್ಕೆ 2.6 ಮಂದಿಯಲ್ಲಿ ಸಿಕ್ಕಿತು. ಯುರೋಪಿನಲ್ಲಿ ಎಂಎಸ್ ಎದುರು ಎನ್‌ಎಂಒ ತೀರಾ ಕಡಿಮೆ. ನಮ್ಮಲ್ಲಿ ಎಂಎಸ್‌ನ ಮೂರು ಕೇಸಿಗೆ ಎನ್‌ಎಂಒದ ಒಂದು. ಈ ವ್ಯತ್ಯಾಸ ರೋಗಿಯ ಕಣ್ಣು ಕಾಲುಗಳನ್ನೇ ನಿರ್ಧರಿಸುತ್ತದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್‌ನಂಥ ಔಷಧಗಳು ಎನ್‌ಎಂಒ ರೋಗಿಯ ಸ್ಥಿತಿಯನ್ನು ಬಿಗಡಾಯಿಸಬಲ್ಲವು. ಎರಡನ್ನೂ ಬೇರ್ಪಡಿಸುವ ಅಕ್ವಾಪೊರಿನ್-4 ಆಂಟಿಬಾಡಿಯನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ತಂಡ 2004ರಲ್ಲಿ ಪತ್ತೆಹಚ್ಚಿತು. ಮಂಗಳೂರಿನ ತಂಡ ಜಪಾನಿನ ಸೆಂಡೈಯ ತೊಹೊಕು ವಿಶ್ವವಿದ್ಯಾಲಯದವರ ಜೊತೆ ಸೇರಿ ಇಂಥ ಆಂಟಿಬಾಡಿಗಳ ಮೇಲೆ ಕೆಲಸ ಮಾಡಿತು, ರೋಗಿಗಳ ರಿಜಿಸ್ಟ್ರಿಯನ್ನೂ ಕಟ್ಟಿತು. ಸುದ್ದಿಯಾಗದ ಕೆಲಸ ಇದು. ಆದರೆ ಯಾರಿಗೆ ಯಾವ ರೋಗ ಎಂದು ಗೊತ್ತಿಲ್ಲದ ಕಡೆ ಯಾವ ಔಷಧದ ಪ್ರಯೋಗವೂ ಸರಿಯಾಗಿ ನಡೆಯುವುದಿಲ್ಲ.

ಈ ಕತೆಯಲ್ಲಿ ಬಡ ರೋಗಿಗಳ ಪಾಲಿಗೆ ಬಹಳ ಮುಖ್ಯವಾದ ಔಷಧ ರಿಟುಕ್ಸಿಮ್ಯಾಬ್. ಮೊದಲು ಬಂದದ್ದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಇದರ ದೇಶಿ ರೂಪವನ್ನು ಮಾರುಕಟ್ಟೆಗೆ ತಂದಿತು. ಎಂಎಸ್ ಇರುವ 104 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಹೊರಬಂದಾಗ ಮಿದುಳಿನ ಹೊಸ ಗಾಯಗಳು ಗಣನೀಯವಾಗಿ ಇಳಿದಿದ್ದವು. ಆದರೂ ಮೂಲ ಔಷಧದ ಕಂಪನಿ ದೊಡ್ಡ ಪ್ರಯೋಗಗಳಿಗೆ ಆರಿಸಿಕೊಂಡಿದ್ದು ಅದೇ ಬಗೆಯ ಹೊಸ ಔಷಧ ಆಕ್ರೆಲಿಜುಮ್ಯಾಬನ್ನು. ಅದಕ್ಕೆ 2017ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಹಳೆಯ ಔಷಧ ಲೇಬಲ್ಲಿನಲ್ಲಿ ಎಂಎಸ್ ಹೆಸರಿಲ್ಲದೆ ಉಳಿಯಿತು.

ಕೈಬಿಟ್ಟ ಕೆಲಸವನ್ನು ಎತ್ತಿಕೊಂಡವರು ಸ್ವೀಡನ್ನಿನ ವೈದ್ಯರು. ಸುಮಾರು 200 ರೋಗಿಗಳಲ್ಲಿ ಅರ್ಧ ಜನಕ್ಕೆ ರಿಟುಕ್ಸಿಮ್ಯಾಬ್, ಇನ್ನರ್ಧ ಜನಕ್ಕೆ ಡೈಮೀಥೈಲ್ ಫ್ಯೂಮರೇಟ್ ಗುಳಿಗೆ ಕೊಟ್ಟು ಎರಡು ವರ್ಷ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಗುಳಿಗೆ ತೆಗೆದುಕೊಂಡವರಲ್ಲಿ ಶೇ 16 ಮಂದಿಗೆ ರೋಗ ಮರುಕಳಿಸಿತ್ತು, ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ 3 ಮಂದಿಗೆ ಮಾತ್ರ. ಎನ್‌ಎಂಒ ವಿಷಯದಲ್ಲಿ ಜಪಾನಿನ 38 ರೋಗಿಗಳ ಪುಟ್ಟ ಪ್ರಯೋಗ 2020ರಲ್ಲಿ ಇನ್ನೂ ಸ್ಪಷ್ಟ ಉತ್ತರ ಕೊಟ್ಟಿತು. ಹುಸಿ ಮದ್ದು ಪಡೆದ 19 ಮಂದಿಯಲ್ಲಿ 7 ಜನರಿಗೆ ರೋಗ ಮರುಕಳಿಸಿತು. ರಿಟುಕ್ಸಿಮ್ಯಾಬ್ ಪಡೆದ 19 ಮಂದಿಯಲ್ಲಿ ಒಬ್ಬರಿಗೂ ಇಲ್ಲ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಎಂಎಸ್ ಚಿಕಿತ್ಸೆಗಾಗಿ ಮೂರು ಔಷಧ ಸೇರಿಸಿತು. ಅದರಲ್ಲಿ ರಿಟುಕ್ಸಿಮ್ಯಾಬ್ ಒಂದು. ನಮ್ಮ ಜನಕ್ಕೆ ಬೇಕಾದ್ದು ಇಂಥ ಪ್ರಯೋಗಗಳು: ಕೈಗೆಟುಕುವ ಮದ್ದು ಕೆಲಸ ಮಾಡುತ್ತದೆಯೇ ಎಂದು ನೇರವಾಗಿ ಕೇಳುವಂಥವು.

ಪ್ರಯೋಗದ ಕೋಣೆಯಲ್ಲಿ ನಡೆಯುವುದಾದರೂ ಏನು? ರೋಗಿಯ ಮುಂದೆ ಒಂಬತ್ತು ತೂತಿನ ಹಲಗೆ. ಪಕ್ಕದ ಬಟ್ಟಲಿನಿಂದ ಒಂಬತ್ತು ಪುಟ್ಟ ಗೂಟಗಳನ್ನು ಒಂದೊಂದಾಗಿ ಎತ್ತಿ ತೂತಿಗೆ ಇಡಬೇಕು, ಮತ್ತೆ ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಬೇಕು. ಸಹಾಯಕರು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾರೆ. ಒಂದು ಕೈ ಆದ ಮೇಲೆ ಇನ್ನೊಂದು ಕೈ. ಆಮೇಲೆ 25 ಅಡಿ ನಡಿಗೆ, ಅದಕ್ಕೂ ಗಡಿಯಾರ. ಸೊನ್ನೆಯಿಂದ ಹತ್ತರವರೆಗಿನ ಅಂಗವೈಕಲ್ಯದ ಅಳತೆಗೋಲಿನಲ್ಲಿ ಆರು ಎಂದರೆ ಊರುಗೋಲಿಲ್ಲದೆ ನೂರು ಮೀಟರ್ ಹೋಗಲಾಗದ ಸ್ಥಿತಿ. ಈ ಅಳತೆಗೋಲು ಕಾಲಿಗೆ ಕೊಡುವ ತೂಕವನ್ನು ಕೈಗೆ ಕೊಡುವುದಿಲ್ಲ. ಗಿಡದಿಂದ ಹಣ್ಣನ್ನಷ್ಟೇ ಆರಿಸಿ ಕಾಫಿ ಕುಯ್ಯುವ ಬೆರಳುಗಳಿಗೆ ಆ ಗೂಟದ ಹಲಗೆಯೇ ನಿಜವಾದ ಪರೀಕ್ಷೆ.

ಅಳತೆ ಇಂತಿಷ್ಟೇ ದಿನಕ್ಕೆ ನಡೆಯಬೇಕು, ತಪ್ಪುವಂತಿಲ್ಲ. ಮಲೆನಾಡಿನವರಿಗೆ ತೊಡಕಾಗುವುದು ಇಲ್ಲೇ. ವಸ್ತಾರೆ, ಮೂಡಿಗೆರೆ ಕಡೆಯವರು ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕು; ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿದ್ದು ಯಾರೂ ಮರೆತಿಲ್ಲ. ರಿಟುಕ್ಸಿಮ್ಯಾಬ್ ಡ್ರಿಪ್ ನಿಧಾನವಾಗಿ ಹನಿಯಬೇಕು, ಮೊದಲ ಸಲವಂತೂ ಹಲವು ಗಂಟೆ ಹಿಡಿಯುತ್ತದೆ. ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿರಬೇಕು. ಹೋಗಿ ಬರುವುದೂ ಸೇರಿದರೆ ರೋಗಿಯ ಜೊತೆಗೆ ಬಂದವರ ಕೂಲಿಯೂ ಹೋಯಿತು. ಪ್ರಯಾಣದ ಖರ್ಚು, ಜೊತೆಗಾರರ ದಿನಗೂಲಿಯನ್ನು ಲೆಕ್ಕಕ್ಕೆ ಹಿಡಿಯದ ಪ್ರಯೋಗಕ್ಕೆ ಕಾಫಿ ಸೀಮೆಯ ಕಾರ್ಮಿಕರು ಸೇರುವುದು ಕಷ್ಟ.

ಎಲ್ಲ ಪ್ರಯೋಗವೂ ಗೆಲ್ಲುವುದಿಲ್ಲ. ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್ ಗುಳಿಗೆ ಬ್ರಿಟನ್ನಿನ 140 ಎಂಎಸ್ ರೋಗಿಗಳಲ್ಲಿ ಮಿದುಳು ಕುಗ್ಗುವ ವೇಗವನ್ನು ತಗ್ಗಿಸಿತ್ತು. 2014ರಲ್ಲಿ ಅದು ದೊಡ್ಡ ಆಸೆ ಹುಟ್ಟಿಸಿತು. ಮುಂದೆ 964 ಮಂದಿಯನ್ನು ಸೇರಿಸಿ ವರ್ಷಗಟ್ಟಲೆ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಆ 964 ಮಂದಿ ಕೊಟ್ಟ ಸಮಯಕ್ಕೆ ಕೃತಜ್ಞರಾಗಿರಬೇಕು. ಫಲವಿಲ್ಲದ ಮದ್ದನ್ನು ಸಾವಿರಾರು ಜನ ಜೀವನಪೂರ್ತಿ ನುಂಗುವುದು ಅವರಿಂದ ತಪ್ಪಿತು.

ಸ್ಕ್ಲೀರೋಸಿಸ್ ಎಂಬ ಹೆಸರು ಹೊತ್ತ ಇನ್ನೊಂದು ಕ್ರೂರ ನರರೋಗ ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೀರೋಸಿಸ್, ಅಂದರೆ ಎಎಲ್‌ಎಸ್. ಅದಕ್ಕೆ 1995ರಲ್ಲಿ ಬಂದ ರಿಲುಜೋಲ್ ಆಯುಷ್ಯವನ್ನು ಕೆಲವೇ ತಿಂಗಳು ಹೆಚ್ಚಿಸುತ್ತದೆ. ಇಷ್ಟು ಹತಾಶೆ ಇರುವ ಕಡೆ ಮೋಸಕ್ಕೂ ಜಾಗವಿದೆ. ಸ್ಟೆಮ್ ಸೆಲ್ ಹಾಕಿ ನಡೆಯುವಂತೆ ಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರ ಬಗ್ಗೆ ಎಚ್ಚರ ಬೇಕು. ಅನುಮತಿ ಪಡೆದ ಪ್ರಯೋಗದ ಹೊರಗೆ ಇಂಥ ರೋಗಗಳಿಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ನಿಜವಾದ ಪ್ರಯೋಗದ ಗುರುತು ಹಿಡಿಯುವುದು ಕಷ್ಟವಲ್ಲ. 2009ರಿಂದ ಭಾರತದಲ್ಲಿ ಪ್ರತಿ ಔಷಧ ಪ್ರಯೋಗವೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ನಡುವೆ ಯಾವಾಗ ಬೇಕಾದರೂ ಹೊರಬರುವ ಹಕ್ಕಿದೆ. ಕನ್ನಡದ ಪತ್ರ ಕೇಳಿ, ಮನೆಗೆ ತಂದು ಓದಿಸಿ, ಆಮೇಲೆ ಸಹಿ ಹಾಕಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಎಂಎಸ್ ಇದೆ. ಎಂಎಸ್ ರೋಗಿಗಳನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024–25ರ ಬಜೆಟ್ಟಿನಲ್ಲಿ ಹೇಳಿದೆ. ಇದರ ಮುಂದಿನ ಹೆಜ್ಜೆಯಾಗಿ ಅಕ್ವಾಪೊರಿನ್-4 ಪರೀಕ್ಷೆ ಮತ್ತು ರಿಟುಕ್ಸಿಮ್ಯಾಬ್ ಡ್ರಿಪ್ ಜಿಲ್ಲಾ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವಂತೆ ಸರ್ಕಾರ ಮಾಡಬೇಕು. ಒಂದು ಕಣ್ಣಿನ ದೃಷ್ಟಿ ಒಂದು ದಿನಕ್ಕಿಂತ ಹೆಚ್ಚು ಕಾಲ ಮಂಜಾದರೆ, ಕಾಲಿನ ಜೋಮು ಹಾಗೇ ಉಳಿದರೆ ಪಿತ್ತವೆಂದು ಸುಮ್ಮನಾಗದೆ ನರರೋಗ ತಜ್ಞರನ್ನು ಬೇಗ ಕಾಣಿ.