ಬೀಡಿನ ಬಳ್ಳಿಗೆ ಮರದ ಬೇರು

ಹಳೆಯ ಬಂಗಲೆಯ ಗೇಟಿನ ಮೇಲೆ ಹಬ್ಬಿದ ಬಳ್ಳಿ, ಉದ್ಯಾನದ ಬೆಂಚಿನ ಕೈಯಲ್ಲಿ ಸುರುಳಿ ಸುತ್ತಿದ ಎಲೆ, ಸುತ್ತುಮೆಟ್ಟಿಲಿನ ಜಾಲರಿ: ಇವನ್ನೆಲ್ಲ ಕಮ್ಮಾರನ ಕೆಲಸ ಎನ್ನುವವರೇ ಹೆಚ್ಚು. ಕಮ್ಮಾರ ಸುತ್ತಿಗೆ ಎತ್ತಿ ಬಡಿದರೆ ಇವು ಚೂರಾಗುತ್ತವೆ. ಇವು ಬೀಡಿನವು, ಅಂದರೆ ಎರಕದ ಕಬ್ಬಿಣದವು. ಬೀಡು ಬಡಿಸಿಕೊಳ್ಳುವ ಕಬ್ಬಿಣವಲ್ಲ, ಹರಿಯುವ ಕಬ್ಬಿಣ. ಇಂಗಾಲ ಸಾಮಾನ್ಯವಾಗಿ ಶೇ 3ರಿಂದ 4ರಷ್ಟಿರುವ ಕಾರಣ ಸುಮಾರು 1,200 ಡಿಗ್ರಿ ಸೆಲ್ಸಿಯಸ್ಸಿಗೇ ನೀರಾಗಿ, ಮರಳಿನಲ್ಲಿ ಮೂಡಿದ ಎಲೆಯ ನರದೊಳಕ್ಕೂ ನುಗ್ಗುತ್ತದೆ. ಆ ನರವನ್ನು ಮರಳಿಗೆ ಕೊಟ್ಟದ್ದು ಮರದ ಪ್ಯಾಟರ್ನು, ಅಂದರೆ ಅಚ್ಚು ಮೂಡಿಸಲು ಮರಳಿಗೆ ಒತ್ತುವ ಮಾದರಿ. ಅದನ್ನು ಕೆತ್ತಿದವನು ಬಡಗಿ. ಕುಸುರಿ ಕಬ್ಬಿಣವನ್ನು ಮರಗೆಲಸದ ಒಂದು ಕವಲು ಎಂದೇ ನೋಡಬೇಕೆಂಬುದು ನನ್ನ ವಾದ. ಭದ್ರಾವತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಅದಕ್ಕೆ ಇನ್ನಷ್ಟು ಬಲ ಬರುತ್ತದೆ.

ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉರಿ ಹಚ್ಚಿದಾಗ ಕುಲುಮೆಗೆ ಬಿದ್ದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯದು, ಸೌದೆ ಸುತ್ತಲಿನ ಕಾಡಿನದು. (ಕಾಡು ತೆತ್ತ ಬೆಲೆಯ ಲೆಕ್ಕ ಬೇರೆಯೇ ಇದೆ.) ವಿದ್ಯುತ್ ಕುಲುಮೆಗಳು ಬಂದದ್ದು ಜೋಗದ ಕರೆಂಟು ಸಿಕ್ಕ ಮೇಲೆ. ಅಂದರೆ ಇಲ್ಲಿನ ಬೀಡಿಗೆ ಮೊದಲ ದಶಕಗಳಲ್ಲಿ ಶಾಖವೂ ಮರದ್ದು, ರೂಪವೂ ಮರದ್ದು. ಅದಕ್ಕೂ ಮುಂಚೆ ಮೈಸೂರಿಗೆ ಇಂಥ ಅಲಂಕಾರ ಹಡಗಿನಲ್ಲಿ ಬರಬೇಕಿತ್ತು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ, 1912ರ ಹೊತ್ತಿಗೆ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪಕ್ಕೆ ಬೀಡಿನ ಕಂಬಗಳು ಗ್ಲಾಸ್ಗೋದ ಎರಕದ ಮನೆಯಿಂದ ಬಂದವು. ಬೆಂಕಿಗೆ ಹೆದರಿ ಮರವನ್ನು ಬಿಟ್ಟರೂ, ಆ ಕಂಬಗಳ ಹೂಬಳ್ಳಿಯ ಹಿಂದೆ ಇದ್ದದ್ದು ಮತ್ತೆ ಕೆತ್ತನೆಗಾರನ ಉಳಿಯೇ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಕೆತ್ತಿದ ಮರವೇ ನಿಂತು ಭಾರ ಹೊರುತ್ತದೆ. ಬೀಡಿನ ಕಂಬದಲ್ಲಿ ಮರ ತನ್ನ ರೂಪವನ್ನಷ್ಟೇ ಉಳಿಸಿ ಮರೆಗೆ ಸರಿದಿದೆ.

ಒಂದೇ ಅಚ್ಚಿನಿಂದ ನೂರು ತುಂಡು ಹೊಯ್ಯುವುದು ಕಾರ್ಖಾನೆ ಮಾಲು, ಕುಶಲಕಲೆ ಹೇಗಾದೀತು ಎಂದು ಕೇಳಬಹುದು. ನೂರು ಸಲ ಬಳಕೆಯಾಗುವುದು ಪ್ಯಾಟರ್ನು ಮಾತ್ರ. ಮರಳಿನ ಅಚ್ಚು ಪ್ರತಿ ಎರಕಕ್ಕೂ ಒಡೆಯುತ್ತದೆ, ಪ್ರತಿ ಸಲವೂ ಹೊಸದಾಗಿ ಮರಳು ಬಡಿಯಬೇಕು. ಪ್ಯಾಟರ್ನು ಮಾಡುವವನ ಲೆಕ್ಕವಂತೂ ಇನ್ನೂ ಸೂಕ್ಷ್ಮ. ಅಚ್ಚಿನ ಮರಳು ಉದುರದಂತೆ ಪ್ಯಾಟರ್ನು ಹೊರಬರಲು ಅದರ ಪ್ರತಿ ಬದಿಗೂ ತುಸು ಓರೆ ಕೊಡಬೇಕು. ಬೀಡು ಆರುವಾಗ ಸುಮಾರು ಶೇ 1ರಷ್ಟು ಕುಗ್ಗುವುದರಿಂದ ಅಡಿಗೆ ಎಂಟನೇ ಒಂದು ಅಂಗುಲ ಹೆಚ್ಚಿಟ್ಟೇ ಕೆತ್ತಬೇಕು. ಹೀಗೆ ಇನ್ನೂ ಇಲ್ಲದ ವಸ್ತುವಿನ ಅಳತೆಯಲ್ಲಿ ಕೆತ್ತುವುದು ಯಂತ್ರದ ಚಾಕರಿಯಲ್ಲ. ವಿನ್ಯಾಸ ಪರದೇಶದ್ದು ಎಂಬ ತಕರಾರಿಗೆ ಹೆಚ್ಚು ಮಾತು ಬೇಡ. ನಮ್ಮದೇ ಆಗಿಹೋದ ಹಾರ್ಮೋನಿಯಂ ಕೂಡ ಹೊರಗಿನದೇ.

ಗಂಭೀರವಾದ ಆಕ್ಷೇಪ ಗುಜರಿಯವರದು. ಬೀಡನ್ನು ಎಷ್ಟು ಸಲ ಕರಗಿಸಿದರೂ ಬೀಡೇ, ತುಕ್ಕು ಹಿಡಿದ ಗೇಟನ್ನು ಕುಲುಮೆಗೆ ಹಾಕಿದರೆ ನಷ್ಟವೇನು ಎಂದು ಅವರು ಕೇಳುತ್ತಾರೆ. ಲೋಹದ ಮಟ್ಟಿಗೆ ಅವರ ಮಾತು ಸರಿ. ಆದರೆ ಪ್ಯಾಟರ್ನು ಗೆದ್ದಲಿಗೋ ಒಲೆಗೋ ಹೋದ ಮೇಲೆ ಆ ಬಳ್ಳಿಗೆ ಉಳಿದ ದಾಖಲೆ ಗೇಟು ಒಂದೇ. ಅದನ್ನೇ ಮರಳಿಗೆ ಒತ್ತಿ ನಕಲು ಹೊಯ್ದರೆ ನಕಲು ಮತ್ತೆ ಶೇ 1ರಷ್ಟು ಚಿಕ್ಕದಾಗುತ್ತದೆ, ಎಲೆಯ ನರ ಮೊಂಡಾಗುತ್ತದೆ. ಹಳೆಯ ಮಾಲೆಂದು ಮಾರಾಟಕ್ಕಿಟ್ಟದ್ದು ನಕಲೋ ಎಂದು ಗುರುತಿಸಲು ಈ ಕುಗ್ಗುವಿಕೆಯೇ ಒಳ್ಳೆಯ ಸಾಕ್ಷಿ: ಅಳತೆಪಟ್ಟಿ ಹಿಡಿಯಿರಿ, ಅಂಚನ್ನು ಬೆರಳಿಂದ ಸವರಿ ನೋಡಿ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂದಿಗೂ ಎರಕ ನಡೆಯುತ್ತಿದೆ. ವಾಹನದ ಬಿಡಿಭಾಗಗಳನ್ನು ರಾಶಿಗಟ್ಟಲೆ ಹೊಯ್ಯುವ ಫೌಂಡ್ರಿಗೆ ಗೇಟಿನ ಒಂದು ಮುರಿದ ಎಲೆಯನ್ನು ಒಯ್ದರೆ ಅದು ಲಾಭದ ಕೆಲಸವಲ್ಲ. ಬೀಡಿನ ಕೊರತೆ ಇಲ್ಲಿಲ್ಲ, ಬೇಕಾದದ್ದು ಎಲೆಯನ್ನು ಮರದಲ್ಲಿ ಕೆತ್ತುವ ಕೈ. ಅಂಥ ಕೈಗಳಿಗೂ ಈ ಜಿಲ್ಲೆಯಲ್ಲಿ ಬರವಿಲ್ಲ: ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದ ಮರದಲ್ಲಿ ಇದಕ್ಕಿಂತ ನವುರಾದ ಬಳ್ಳಿಗಳನ್ನು ಬಿಡಿಸಿದ್ದಾರೆ. ಅವರ ಅಳತೆಗೆ ಅಡಿಗೆ ಎಂಟನೇ ಒಂದು ಅಂಗುಲ ಸೇರಿಸಿದರೆ ಆಯಿತು.